ಗುಂಡಿಯಿಲ್ಲದ ಕಾಜಾ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಹೊಗೆ ಮಾಸ್ತರು ಎಲ್ಲಿ ಎಂದು ಕೇಳಿದರೆ ಸಾಕು, ಮಕ್ಕಳೂ ಕೈ ತೋರಿಸುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಟೈಲರ್ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೇಲೊಂದು ಕನ್ನಡಿ, ಕೋಣೆಗೂ ಒಳಮನೆಗೂ ನಡುವೆ ಒಂದು ಹಸಿರು ಪರದೆ. ಪರದೆಯ ಈಚೆ ಮಾಸ್ತರು, ಆಚೆ ಅವರ ಹೆಂಡತಿ. ಇವರು ಕತ್ತರಿಸಿ ಹೊಲಿದದ್ದಕ್ಕೆ ಆಕೆ ಅಂಚು ಮಡಿಸಿ ಗುಂಡಿ ಹಾಕಬೇಕು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಆ ಪರದೆ ಕಣ್ಣಿಗೆ ಅಡ್ಡವಾಯಿತೇ ಹೊರತು ಹೊಗೆಗೆ ಅಡ್ಡವಾಗಲಿಲ್ಲ.

ಅಂಗಡಿಯಲ್ಲಿ ಗಡಿಯಾರವೇನೋ ಇತ್ತು, ಯಾವ ಕಾಲಕ್ಕೋ ನಿಂತು ಹೋಗಿತ್ತು. ಮಾಸ್ತರಿಗೆ ಅದು ಬೇಕೂ ಇರಲಿಲ್ಲ. ಅಂಗಿಯ ಕಾಲರಿಗೆ ಒಂದು ಸಿಗರೇಟು, ಪ್ಯಾಂಟಿಗೆ ಮೂರು. ಕೋಟು ಹೊಲಿಯಲು ಕೂತರೆ ಒಂದು ಪ್ಯಾಕು ಮುಗಿದು ಇನ್ನೊಂದನ್ನು ಒಡೆಯಬೇಕು.

"ಮಾಸ್ಟ್ರೇ, ಇನ್ನೂ ಎಷ್ಟೊತ್ತು?" ಎಂದು ಗಿರಾಕಿ ಕೇಳಿದರೆ, "ಎರಡು ಸಿಗರೇಟು ತಡೀರಿ, ಕೊಟ್ಬಿಡ್ತೀನಿ" ಎನ್ನುವರು.

ಇಷ್ಟು ಸೇದಿಯೂ ಒಂದೇ ಒಂದು ಬಟ್ಟೆಗೆ ಕಿಡಿ ತಾಗಿಸಿದವರಲ್ಲ ಎಂಬುದು ಅವರ ದೊಡ್ಡ ಜಂಬ. ಬಟ್ಟೆಗೆ ತಾಗಲಿಲ್ಲ, ನಿಜ.

ಹೆಂಡತಿಗೆ ಕೆಮ್ಮು ಬಂದಾಗ ಎಲ್ಲರೂ ತಪ್ಪನ್ನು ದಾರದ ಧೂಳಿನ ಮೇಲೆ ಹಾಕಿದರು. ಮಾಸ್ತರು ತಾವೇ ಹೋಗಿ ಕೆಮ್ಮಿನ ಔಷಧಿ ತಂದರು, ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಅದರ ಮುಚ್ಚಳ ತಿರುಗಿಸಿ ಕೊಟ್ಟರು. ಎರಡು ವರ್ಷ ಕೆಮ್ಮಿದ ಮೇಲೆ ಆಸ್ಪತ್ರೆಗೆ ಹೋದದ್ದು. ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಆಕೆಯ ಕಡೆ ತಿರುಗಿ ಕೇಳಿದರು.

"ಎಷ್ಟು ವರ್ಷದಿಂದ ಸೇದ್ತಿದ್ದೀರಮ್ಮಾ?"

ಆಕೆ ಗಂಡನ ಮುಖ ನೋಡಲಿಲ್ಲ. "ನಮ್ದು ಹೊಲಿಗೆ ಕೆಲಸ ಡಾಕ್ಟ್ರೇ, ಧೂಳು ಜಾಸ್ತಿ" ಎಂದಳು. ಆಗಲೂ ಅವರನ್ನು ಬಿಟ್ಟುಕೊಡಲಿಲ್ಲ.

"ಸೇದೋದು ನಾನು. ಇವಳು ಪರದೆ ಹಿಂದೆ ಇರ್ತಾಳೆ" ಎಂದರು ಮಾಸ್ತರು.

"ಪರದೆ" ಎಂದು ಡಾಕ್ಟರು ಒಮ್ಮೆ ಹೇಳಿ ಎಕ್ಸ್‌ರೇ ಕೆಳಗಿಟ್ಟರು. ಆಮೇಲೆ, "ಹೋಗಿರೋದು ವಾಪಸ್ ಬರಲ್ಲ. ಇನ್ನು ಸ್ವಲ್ಪ ಉಸಿರು ಉಳಿದಿದೆ. ಅದನ್ನಾದ್ರೂ ಇವರಿಗೆ ಬಿಡಿ. ಮನೇಲಿ ಮಾತ್ರ ಅಲ್ಲ, ಎಲ್ಲೋ ಸೇದಿ ಬಂದ ಬಟ್ಟೇಲೂ ಪಕ್ಕ ಕೂರಬೇಡಿ" ಎಂದರು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಯಾರು ಕಟ್ಟಿದ ಗಾದೆಯೋ, ನನಗೆ ನಂಬಿಕೆ ಹೋಗಿದೆ. ಇಲ್ಲಿ ಮಾಡಿದವರೊಬ್ಬರು, ಉಣ್ಣುವವಳು ಇನ್ನೊಬ್ಬಳು. ಮಾಸ್ತರು ಜೇಬಿನಲ್ಲಿದ್ದ ಪ್ಯಾಕನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿ ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದರು. ನಾಲ್ಕು ಜನರೆದುರು ಆಕೆಯ ಕೈ ಹಿಡಿದದ್ದು ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅಂದೇ.

ಬಿಡುವುದು ಸುಲಭ ಎಂದವರಿಗೆ ಆ ಮೊದಲ ವಾರದ ಮಾಸ್ತರನ್ನು ತೋರಿಸಬೇಕಿತ್ತು. ಬೆಳಗ್ಗೆ ಎದ್ದರೆ ಕೈ ತಾನಾಗಿ ಜೇಬು ತಡವುತ್ತಿತ್ತು. ಊಟ ಮುಗಿದ ಕೂಡಲೇ ಮೈಯೆಲ್ಲ ಹಿಂಡಿದಂತಾಗುತ್ತಿತ್ತು. ಹತ್ತು ವರ್ಷದ ಹಳೆಯ ಗಿರಾಕಿಯ ಮೇಲೆ ಅಳತೆ ತೆಗೆಯುವಾಗ ರೇಗಿ, "ಹೊಟ್ಟೆ ಒಳಗೆ ಎಳ್ಕೋಬೇಡ್ರಿ, ಎಷ್ಟಿದೆಯೋ ಅಷ್ಟೇ ಬರ್ಕೋತೀನಿ" ಎಂದುಬಿಟ್ಟರು. ಒಂದೇ ಅಂಗಿಗೆ ಎರಡೂ ಎಡಗೈ ತೋಳು ಕತ್ತರಿಸಿದರು. ಅದನ್ನು ಕಂಡು ಹೆಂಡತಿ ನಕ್ಕಳು, ನಗು ಕೆಮ್ಮಿಗೆ ತಿರುಗಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಆಸ್ಪತ್ರೆಯ ನರ್ಸ್ ಒಂದು ಮಾತು ಹೇಳಿದ್ದಳು: "ಆಸೆ ಬಂದಾಗ ಐದಾರು ನಿಮಿಷ ಕೈಗೆ ಬೇರೆ ಕೆಲಸ ಕೊಡಿ. ಅದು ಏರುತ್ತೆ, ತಾನಾಗೇ ಇಳಿಯುತ್ತೆ." ಐದಾರು ನಿಮಿಷವನ್ನು ಅಳೆಯುವುದು ಹೇಗೆ? ಇದ್ದ ಗಡಿಯಾರ ನಿಂತಿತ್ತು, ಸಿಗರೇಟಿನ ಗಡಿಯಾರವನ್ನು ಕಸದ ಡಬ್ಬಿಗೆ ಹಾಕಿ ಆಗಿತ್ತು. ಆದರೆ ಗುಂಡಿ ತೂರಿಸುವ ಸೀಳಿಗೆ ಕೈಯಲ್ಲೇ ಸುತ್ತ ಹೊಲಿಗೆ ಹಾಕಿ ಒಂದು ಕಾಜಾ ಮುಗಿಸಲು ಎಷ್ಟು ಹೊತ್ತು ಬೇಕೆಂದು ಅವರ ಬೆರಳಿಗೆ ಗೊತ್ತಿತ್ತು. ಚೂರು ಬಟ್ಟೆಯ ಒಂದು ಪಟ್ಟಿ ಕತ್ತರಿಸಿಕೊಂಡರು. ತಡೆಯಲಾಗದ ಆಸೆ ಬಂದರೆ ಒಂದು ಕಾಜಾ. ಮೊದಲ ದಿನ ಹನ್ನೊಂದಾಯಿತು.

"ಇದೇನ್ರೀ ಇದು, ಗುಂಡಿ ಇಲ್ಲದ ಕಾಜಾ?" ಎಂದಳು ಹೆಂಡತಿ.

"ಆಸೆಗೊಂದು."

ಆಕೆ ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದಳು. ಹೊಲಿಗೆ ಒಂದು ಕಡೆ ಒತ್ತು, ಒಂದು ಕಡೆ ಸಡಿಲ, ಬಟ್ಟೆ ಸೊಟ್ಟಗೆ ಎಳೆದುಕೊಂಡಿತ್ತು. ಕೈ ನಡುಗಿದ ಕಡೆಯಲ್ಲೆಲ್ಲ ದಾರ ಹೇಳುತ್ತಿತ್ತು. ಮರುದಿನ ಆಕೆಯೂ ಒಂದು ಪಟ್ಟಿ ತೆಗೆದುಕೊಂಡಳು. ಜೊತೆ ಕಳೆದುಕೊಂಡ ಒಂಟಿ ಗುಂಡಿಗಳು ಒಂದು ತಗಡಿನ ಡಬ್ಬಿ ತುಂಬ ಇದ್ದವು. ಅವರ ಒಂದು ಕಾಜಾಕ್ಕೆ ಎದುರಾಗಿ ತನ್ನದೊಂದು ಗುಂಡಿ ಹಾಕಿದಳು. ಸಂಜೆ ಎರಡೂ ಪಟ್ಟಿ ಹಾಸಿ ಆಕೆಯ ಗುಂಡಿಗಳನ್ನು ಇವರ ಕಾಜಾಗಳಲ್ಲಿ ತೂರಿಸುವುದು ಅವರಿಬ್ಬರ ಆಟವಾಯಿತು. ಆಮೇಲೆ ಇವರದು ಮೇಜಿನ ಖಾನೆಗೆ, ಆಕೆಯದು ಡಬ್ಬಿಗೆ. ಪಟ್ಟಿ ಸಾಲದೆ ಹೋದರೆ ತುದಿಗೆ ಇನ್ನೊಂದನ್ನು ಜೋಡಿಸುವರು. ಹನ್ನೊಂದು ಹೋಗಿ ಐದಾಯಿತು, ಐದು ಎರಡಾಯಿತು. ಅಷ್ಟರಲ್ಲಿ ಆಕೆಯ ಮೂಗಿಗೆ ಆಮ್ಲಜನಕದ ಕೊಳವೆ ಬಂದಿತ್ತು.

ಮೂರನೆಯ ತಿಂಗಳು ಡಾಕ್ಟರು ಮಾಸ್ತರೊಬ್ಬರನ್ನೇ ಕರೆದರು. ಇನ್ನು ಹೆಚ್ಚು ದಿನವಿಲ್ಲ ಎಂದರು. ಮಾಸ್ತರು ಹೊರಗೆ ಬಂದರೆ ಗೇಟಿನ ಹತ್ತಿರ ಯಾರೋ ಒಬ್ಬ ಸೇದುತ್ತ ನಿಂತಿದ್ದ. ಕೇಳಿದರು, ಕೊಟ್ಟ. ಪೂರ್ತಿ ಸೇದಿದರು. ಮನೆಗೆ ಬಂದು ಹಿತ್ತಲಿನಲ್ಲೇ ಬಾಯಿ ತೊಳೆದು, ಅಂಗಿ ಬದಲಿಸಿ, ಸೀದಾ ಕೂತು ಒಂದು ಕಾಜಾ ಹೊಲಿದರು. ಆಸೆ ಬಂದಿತ್ತು, ಗೆದ್ದೆ ಎಂದು ತೋರಿಸಲು. ಇಂಥ ವಯಸ್ಸಿನಲ್ಲಿ ಇಂಥ ಕಳ್ಳತನ.

ಸಂಜೆ ಆಕೆಯ ಹೆಬ್ಬೆರಳು ಪಟ್ಟಿಯ ಮೇಲೆ ಸಾಗುತ್ತ ಬಂದು ಕೊನೆಯದರ ಮೇಲೆ ನಿಂತಿತು.

"ಇದು ಚೆನ್ನಾಗಿ ಬಂದಿದೆ" ಎಂದಳು.

"ಹ್ಞೂಂ."

"ಒಂದು ಹೊಲಿಗೇನೂ ಅಲುಗಿಲ್ಲ. ಮೊದಲೆಲ್ಲ ಹೀಗೇ ಹೊಲೀತಿದ್ರಿ."

ಮೂವತ್ತೊಂದು ವರ್ಷ ಅವರ ಕಾಜಾಕ್ಕೆ ಗುಂಡಿ ಹಾಕಿದವಳಿಗೆ ಸೇದಿದ ಕೈಯ ಕೆಲಸ ಯಾವುದು, ಸೇದದ ಕೈಯದು ಯಾವುದು ಎಂದು ಮೂಗು ಹೇಳಬೇಕಾಗಿರಲಿಲ್ಲ. ಇದನ್ನು ಮಾಸ್ತರು ಮರೆತಿದ್ದರು.

"ಡಾಕ್ಟ್ರು ಏನೋ ಹೇಳಿರ್ಬೇಕು, ಅದಕ್ಕೇ" ಎಂದು ಆಕೆಯೇ ಕಾರಣವನ್ನೂ ಹುಡುಕಿ ಕೊಟ್ಟಳು. "ನನಗೆ ಸೊಟ್ಟದ್ದೇ ಇಷ್ಟ ಕಣ್ರೀ."

ಬೈದಿದ್ದರೆ ಬದುಕುತ್ತಿದ್ದೆ ಎನ್ನಿಸಿತು ಮಾಸ್ತರಿಗೆ. ಬೈಯಲಿಲ್ಲ. ಆದರೆ ಆ ಕಾಜಾಕ್ಕೆ ಗುಂಡಿಯನ್ನೂ ಹಾಕಲಿಲ್ಲ. ಒಂದು ಗುಂಡಿಯಷ್ಟು ಜಾಗ ಖಾಲಿ ಬಿಟ್ಟು ಮುಂದೆ ಹೋದಳು. ಮತ್ತೆಂದೂ ಮಾಸ್ತರು ಸೇದಲಿಲ್ಲ, ಮತ್ತೆಂದೂ ಕಾಜಾ ನೆಟ್ಟಗೂ ಬರಲಿಲ್ಲ.

ಕೊನೆಯ ಎರಡು ವಾರ ಆಟ ನಿಂತಿತು. ಆಕೆ ದಿಂಬಿಗೆ ಒರಗಿ ಕೂತಿರುತ್ತಿದ್ದಳು, ಮಾತು ಕಡಿಮೆಯಾಗಿತ್ತು. ಮಾಸ್ತರು ಪರದೆಯನ್ನು ಕಿತ್ತುಹಾಕುತ್ತೇನೆಂದರು. "ಬೇಡ, ಗಿರಾಕಿಗಳು ಬರ್ತಾರೆ, ನನ್ನನ್ನ ಹೀಗೆ ನೋಡೋದು ಬೇಡ" ಎಂದಳು. ಒಂದು ಬೆಳಗ್ಗೆ ಮಾಸ್ತರು ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು ಪರದೆ ಸರಿಸಿ ನೋಡಿದಾಗ ಆಕೆ ಹೋಗಿದ್ದಳು.

ಎಲ್ಲ ಮುಗಿದು, ಬಂದ ನೆಂಟರೂ ಹೊರಟುಹೋದ ಮೇಲೆ ಆಕೆಯ ತಮ್ಮನೊಬ್ಬ ಉಳಿದುಕೊಂಡ. ಮರುದಿನ ಮಧ್ಯಾಹ್ನ ಮಾಸ್ತರು ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಭಾವಮೈದ ಬಾಗಿಲಲ್ಲಿ ನಿಂತು ಪ್ಯಾಕು ಚಾಚಿದ.

"ಒಂದು ಎಳೀರಿ ಭಾವ. ಇನ್ನು ಯಾರಿಗೆ ತೊಂದ್ರೆ?"

ಅವನದು ಕೆಟ್ಟ ಮನಸ್ಸಲ್ಲ. ದುಃಖದಲ್ಲಿರುವವನ ಕೈಗೆ ಏನಾದರೂ ಕೊಡಬೇಕು ಎಂದಷ್ಟೇ ಕೊಟ್ಟದ್ದು. ಮಾಸ್ತರು ತೆಗೆದುಕೊಂಡರು. ಯಾರಿಗಾಗಿ ಬಿಟ್ಟಿದ್ದರೋ ಅವಳೇ ಇಲ್ಲ. ಪರದೆಯ ಆಚೆ ಹೊಗೆ ಹೋದರೆ ಈಗ ಕೆಮ್ಮುವವರಿಲ್ಲ. ಭಾವಮೈದ ತನ್ನ ಜೇಬು ತಡವಿ, "ಬೆಂಕಿಪೊಟ್ಟಣ ಖಾಲಿ" ಎಂದ. ಅಂಗಡಿಯಲ್ಲಿ ತಿಂಗಳುಗಳಿಂದ ಬೆಂಕಿಪೊಟ್ಟಣ ಇರಲಿಲ್ಲ. ಒಲೆಯ ಹತ್ತಿರ ಇರಬೇಕೆಂದು ಮಾಸ್ತರು ಒಳಗೆ ಹೋದರು. ಆಕೆ ಒರಗುತ್ತಿದ್ದ ದಿಂಬಿನ ಪಕ್ಕದಲ್ಲಿ ಗುಂಡಿಯ ಡಬ್ಬಿ ಇತ್ತು. ಅದರೊಳಗೆ ಸುರುಳಿ ಸುತ್ತಿದ ಪಟ್ಟಿ.

ಹೊರಗೆ ಹೋಗಿ ತಮ್ಮ ಪಟ್ಟಿಯನ್ನೂ ತಂದರು. ನೆಲದ ಮೇಲೆ ಕೂತು ಮೊದಲಿನಿಂದ ಒಂದೊಂದೇ ಗುಂಡಿಯನ್ನು ಅದರ ಕಾಜಾದಲ್ಲಿ ತೂರಿಸುತ್ತ ಬಂದರು. ನೀಲಿ, ಬಿಳಿ, ಅಂಚು ಮುರಿದದ್ದು, ಕೋಟಿನ ದೊಡ್ಡದು. ಆ ಒಂದು ನೆಟ್ಟಗಿನ ಕಾಜಾ ಬಂದಾಗ ಎದುರಿಗೆ ಖಾಲಿ ಬಟ್ಟೆ. ಅದನ್ನು ಹಾಗೇ ತೆರೆದು ಬಿಟ್ಟರು. ಮುಂದೆ ಹೋದರು. ಕೊನೆಗೆ ಅವರ ಕಾಜಾಗಳು ಮುಗಿದವು. ಆಕೆಯ ಗುಂಡಿಗಳು ಮುಗಿಯಲಿಲ್ಲ.

ಇನ್ನೂ ಹತ್ತೊಂಬತ್ತು ಇದ್ದವು.

ಆಕೆ ಹೊಲಿಯುವುದನ್ನು ನಿಲ್ಲಿಸಿದಳು ಎಂದು ಅವರು ತಿಳಿದಿದ್ದ ಆ ಎರಡು ವಾರ, ಪರದೆಯ ಹಿಂದೆ ಆಕೆ ಇನ್ನೂ ಬಾರದ ಆಸೆಗಳಿಗೆ ಗುಂಡಿ ಹಾಕುತ್ತ ಕೂತಿದ್ದಳು. ತಾನು ಹೋದ ಮೇಲೂ ಇವರಿಗೆ ಆಸೆ ಬರುತ್ತದೆ, ಆಗ ಹೇಳಲು ತಾನಿರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಗುಂಡಿಗಳು ಬರಬರುತ್ತ ಸಡಿಲವಾಗಿದ್ದವು. ಕೊನೆಯದಕ್ಕೆ ನಾಲ್ಕು ಕಣ್ಣಿದ್ದರೂ ದಾರ ಎರಡರಲ್ಲಿ ಮಾತ್ರ ಹೋಗಿತ್ತು. ಮಾಸ್ತರು ಪಟ್ಟಿಯನ್ನು ಮುಖಕ್ಕೆ ಒತ್ತಿಕೊಂಡು ಜೋರಾಗಿ ಅತ್ತರು. ಆಕೆ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

"ಭಾವ, ಬೆಂಕಿಪೊಟ್ಟಣ ಸಿಕ್ತಾ?" ಎಂದು ಭಾವಮೈದ ಕೂಗಿದ.

"ಇಲ್ಲ" ಎಂದರು.

ಸಿಗರೇಟನ್ನು ಅವನಿಗೆ ವಾಪಸು ಕೊಟ್ಟು ಮೇಜಿನ ಮುಂದೆ ಕೂತರು. ಆ ಹತ್ತೊಂಬತ್ತರಲ್ಲಿ ಮೊದಲ ಗುಂಡಿಯ ಎದುರಿಗೆ ಗುರುತು ಹಾಕಿ, ಬಟ್ಟೆ ಸೀಳಿ, ಸೂಜಿಗೆ ದಾರ ಪೋಣಿಸಲು ನೋಡಿದರು. ನಾಲ್ಕು ಸಲ ತಪ್ಪಿ ಐದನೆಯ ಸಲ ಹೋಯಿತು. ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು, ಹೊಲಿಗೆ ಎಲ್ಲೆಲ್ಲೋ ಹೋಯಿತು. ಅವರ ಕೈಯಿಂದ ಅಷ್ಟು ಸೊಟ್ಟ ಕಾಜಾ ಎಂದೂ ಬಂದಿರಲಿಲ್ಲ. ಗುಂಡಿ ತೂರಿಸಿ ನೋಡಿದರು. ಕೂತಿತು.