ಕಾಕಾನ ಆಸ್ಟ್ರೇಲಿಯಾ, ನಮ್ಮ ಎಳ್ಳಮಾಸಿ

ಆಗೆಲ್ಲ ಸೋಲಾಪುರ ಕಡೆಯ ನಮ್ಮ ಮೈಂದರ್ಗಿಯ ಮನೆಯಲ್ಲಿ ಚಳಿಗಾಲದ ಬೆಳಗು ಕೋಳಿ ಕೂಗಿ ಆಗುತ್ತಿರಲಿಲ್ಲ, ಕಾಕಾ ಟಿ.ವಿ. ಹಚ್ಚಿದ ಮೇಲೆ ಆಗುತ್ತಿತ್ತು. ಹೊರಗಿನ್ನೂ ಕತ್ತಲು. ಬಚ್ಚಲೊಲೆಯ ಹೊಗೆ, ಶುಂಠಿ ಜಜ್ಜಿ ಹಾಕಿದ ಚಹಾದ ವಾಸನೆ, ಕೌದಿಯಿಂದ ಮೂಗಷ್ಟೇ ಹೊರಗಿಟ್ಟ ನಾವು. ಪರದೆಯ ಮೇಲೆ ಮಾತ್ರ ರಣಬಿಸಿಲು, ಹಚ್ಚಹಸಿರು ಕ್ರಿಕೆಟ್ ಮೈದಾನ, ಅಂಗಿ ಬಿಚ್ಚಿ ಕುಣಿಯುವ ಜನ. ನಿಮ್ಮಲ್ಲೂ ಅನೇಕರು ಹೀಗೆ ಕೌದಿ ಹೊದ್ದುಕೊಂಡೇ ಆಸ್ಟ್ರೇಲಿಯಾದ ಬಿಸಿಲು ಕಾಯಿಸಿರಬಹುದು. ನಿಮ್ಮ ನೆನಪು ಸಿಹಿಯಾಗಿದ್ದರೆ ನೀವು ಪುಣ್ಯವಂತರು. ನಾನಂತೂ ಆ ಹಸಿರು ಕಂಡರೆ ಇವತ್ತಿಗೂ ಟಿ.ವಿ. ಆರಿಸಿಬಿಡುತ್ತೇನೆ.

ಬಸಣ್ಣ ಕಾಕಾ ನನ್ನ ಅಪ್ಪನ ತಮ್ಮ. ನಮ್ಮದು ಬಟ್ಟೆ ಅಂಗಡಿ. ಸೋಲಾಪುರದಿಂದ ಮಾಲು ತರುವುದು ಅವನ ಕೆಲಸ. ಊರೆಲ್ಲ ಭಾರತಕ್ಕೆ ಚಪ್ಪಾಳೆ ತಟ್ಟಿದರೆ ಇವನು ಆಸ್ಟ್ರೇಲಿಯಾದ ಭಕ್ತ. ಅವರು ಏನು ತಿನ್ನುತ್ತಾರೆ, ರಜೆಯಲ್ಲಿ ಹೇಗೆ ಮಕ್ಕಳುಮರಿ ಕಟ್ಟಿಕೊಂಡು ಮೈದಾನಕ್ಕೆ ಬರುತ್ತಾರೆ, ಗೆದ್ದ ಮೇಲೆ ಏನು ಕುಡಿಯುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಬಿಸಿಲಿಗೆಂದು ಅವರು ಮುಖಕ್ಕೆ ಬಿಳಿ ಮುಲಾಮು ಬಳಿಯುವುದನ್ನು ನೋಡಿ ಓಣಿಯ ಹುಡುಗರ ತುಟಿಗೆ ಎಲೆಯಡಿಕೆಯ ಸುಣ್ಣ ಸವರಿದ. ಒಬ್ಬನ ತುಟಿ ಬೆಂದು ಬಾತುಕೊಂಡು, ಪಾಪ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಬೇಕಾಯಿತು. ಅವರು ಚ್ಯೂಯಿಂಗ್ ಗಮ್ ಅಗಿಯುತ್ತಾರೆ, ಇವನು ಗುಟ್ಕಾ. ಪಿಚ್ಚಿನ ಪಕ್ಕ ಪಿಚಕ್ಕನೆ ಉಗಿದು, ಅಂಗೈಯಿಂದ ತುಟಿ ಒರೆಸಿ, ಅದೇ ಅಂಗೈಯಲ್ಲಿ ಚೆಂಡು ತಿಕ್ಕಿ ನಮ್ಮ ಕೈಗೆ ಕೊಡುತ್ತಿದ್ದ. ಥೂ! ಈಗ ಬರೆಯುವಾಗಲೂ ಕೈ ತೊಳೆದುಕೊಳ್ಳಬೇಕು ಅನಿಸುತ್ತದೆ.

ಆ ವರ್ಷ ಅಂಗಡಿಯಲ್ಲಿ ಉಳಿದಿದ್ದ ಹಸಿರು ಬ್ಲೌಸ್‌ಪೀಸುಗಳನ್ನೆಲ್ಲ ಕೂಡಿಸಿ ನಮ್ಮ ಓಣಿಯ ಟೀಮಿಗೆ ಆಸ್ಟ್ರೇಲಿಯಾದವರಂಥ ಟೊಪ್ಪಿಗೆ ಹೊಲಿಸಿದ. ನಾನು ಕೀಪರ್. ಹುಡುಗಿಗೆ ಓಡುವ ಕಷ್ಟ ಬೇಡ ಎಂದು ಕೊಟ್ಟ ಜಾಗ ಅದು. ಆದರೆ ನನ್ನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ, ಆ ಜಂಬ ನನಗಿತ್ತು. ನನ್ನ ತಲೆಗೂ ಒಂದು ಟೊಪ್ಪಿಗೆ ಬಂತು, ಜೊತೆಗೆ ಒಂದು ಕಟ್ಟಳೆಯೂ ಬಂತು.

"ಹಸರ ಟೊಪಗಿ ತೊಳಿಬಾರ್ದು. ಅಲ್ಲಿ ಆಟಗಾರ್ರು ಒಂದ ಟೊಪಗಿ ಕಡೀತನಾ ಹಾಕ್ಕೋತಾರ. ಹರದ್ರೂ ಅದ, ಹೊಲಸಾದ್ರೂ ಅದ. ಬೆವರ ಅದರ ಮರ್ಯಾದಿ," ಎಂದ ಕಾಕಾ.

ಕೊಬ್ಬರಿ ಎಣ್ಣೆ, ಬೆವರು, ಮಣ್ಣು ಸೇರಿ ಆ ಟೊಪ್ಪಿಗೆಗಳು ಹುಳಿತ ಹಿಟ್ಟಿನಂತೆ ನಾರತೊಡಗಿದವು. ಒಬ್ಬರ ತಲೆಯ ಹೇನು ಎಲ್ಲರ ತಲೆಗೆ ಹತ್ತಿತು. ಆಯಿ, ಅಂದರೆ ನಮ್ಮ ಅಜ್ಜಿ, ಮೂಗಿಗೆ ಸೆರಗು ಹಿಡಿದು, "ಆ ಹೇಸಿಗಿ ಹೊಸ್ತಿಲಾ ದಾಟಬಾರ್ದು ನೋಡ್ರಿ. ಚಪ್ಪಲ್ ಬಾಜೂಕ ಒಗೀರಿ," ಎಂದು ಕೂಗುತ್ತಿದ್ದಳು.

ಇನ್ನೊಂದು ಪದ್ಧತಿಯನ್ನೂ ಕಾಕಾ ಅಲ್ಲಿಂದಲೇ ತಂದ. ಬ್ಯಾಟು ಹಿಡಿದವನ ಬೆನ್ನ ಹಿಂದೆ ನಿಂತು ಅವನ ಮನೆ, ಮೋರೆ, ಬಂಧು, ಬಳಗ ಎಲ್ಲವನ್ನೂ ಆಡಿಕೊಂಡು ತಲೆ ಕೆಡಿಸಬೇಕಂತೆ.

"ನಾ ಒಲ್ಲೆ ಕಾಕಾ," ಅಂದೆ.

"ಅಯ್ಯ ಹುಚ್ಚಿ, ಸಂಜೀಕ ಕೈ ಕುಲುಕಿದ್ರ ಎಲ್ಲಾ ಮಾಫ್. ಅಲ್ಲಿ ಹಂಗ ನಡೀತದ. ಒಲ್ಲೆ ಅಂದ್ರ ಟೊಪಗಿ ತಗದಿಟ್ಟು ಮನ್ಯಾಗ ಕೂಡು."

ಆಟ ಬಿಡುವ ಮನಸ್ಸಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೀಪಿಂಗ್ ಮಾಡಿದೆ.

ಎದುರಾಳಿ ಮೇಲಿನ ಓಣಿಯ ಟೀಮು. ಅವರ ಪೈಕಿ ಮಲ್ಲು ನನ್ನದೇ ಕ್ಲಾಸಿನವನು. ಅಂಥ ಬ್ಯಾಟಿಂಗ್ ನಾನು ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಅವನ ಅವ್ವ ಗಂಡನ ಮನೆಯಲ್ಲಿ ಜಗಳಾಡಿ ಮಂಗಳವೇಢೆಯ ತವರಿಗೆ ಹೋದವಳು ಮಳೆಗಾಲ ಕಳೆದರೂ ಬಂದಿರಲಿಲ್ಲ. ಎಳ್ಳಮಾಸಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಮಲ್ಲುವಿಗೆ ಸಾಲೆಯಲ್ಲಿ ಅದೊಂದೇ ಜಪ.

"ನಾ ಆಡೂದು ಅವ್ವ ನೋಡೇ ಇಲ್ಲ. ಈ ಸಲ ತೋರಸ್ತೀನಿ. ಆಮ್ಯಾಲ ಹೋಗಗೊಡಂಗಿಲ್ಲ ಆಕೀನ್ನ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆಯ ಹೊಲದ ಹಬ್ಬ. ಬೆಳೆದು ನಿಂತ ಬಿಳಿಜೋಳದ ನಡುವೆ ಪಾಂಡವರೆಂದು ಕಲ್ಲಿಟ್ಟು ಪೂಜಿಸಿ, ಎಡೆಯ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ, ಎರಡೂ ಓಣಿಯವರು ಒಟ್ಟಿಗೆ ಕೂತು ಉಣ್ಣುವುದು. ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಹಾಕಿದ ಭಜ್ಜಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಅಂಬಲಿ. ಆ ಸಲವೂ ಉಂಡು ಹೊಟ್ಟೆ ಬಿಗಿದ ಗಂಡಸರು ಬೇವಿನ ನೆರಳಿಗೆ ಅಡ್ಡಾದರು. ಪಕ್ಕದ ಬೀಳು ಹೊಲದಲ್ಲಿ ಮ್ಯಾಚು ಶುರುವಾಯಿತು.

ಮಲ್ಲು ಹೊಡೆಯತೊಡಗಿದ. ನಮ್ಮವರು ಏನೆಸೆದರೂ ಚೆಂಡು ಜೋಳದೊಳಗೆ. ನಮ್ಮ ಟೀಮಿನ ನಾಯಕನಾಗಿ ಫೀಲ್ಡಿಂಗಿಗೆ ನಿಂತಿದ್ದ ಕಾಕಾನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ರಸ್ತೆ ಕಡೆಯ ಬದುವಿನ ಮೇಲೆ ಅವನ ಅವ್ವ ಬಂದು ನಿಂತಳು, ಕೈಯಲ್ಲಿ ಬಟ್ಟೆಯ ಚೀಲ. ಬಸ್ಸಿಳಿದು ನೇರ ಬಂದಿರಬೇಕು. ಮಲ್ಲು ನೋಡಿದ. ಅವನ ಮುಖ ಅರಳಿದ್ದನ್ನು ಸ್ಟಂಪಿನ ಹಿಂದಿನಿಂದ ನಾನೊಬ್ಬಳೇ ಅಷ್ಟು ಹತ್ತಿರ ಕಂಡೆ. "ನನ್ನವ್ವ," ಎಂದು ನನಗಷ್ಟೇ ಕೇಳುವಂತೆ ಹೇಳಿ ಬ್ಯಾಟು ಬಿಗಿಹಿಡಿದ.

ಕಾಕಾನೂ ಆಕೆಯನ್ನು ನೋಡಿದ. ನೋಡಿಯೇ ಕೂಗಿದ.

"ಏ ಮಲ್ಲ್ಯಾ, ನಿಮ್ಮವ್ವ ಬಂದಾಳ ನೋಡಲೇ! ಇಷ್ಟ ದಿನಾ ಯಾರ ಹಾಸಿಗ್ಯಾಗ ಇದ್ದಿ ಅಂತ ಕೇಳ್ಕೊಂಡು ಬಾ, ಆಮ್ಯಾಲ ಆಡುವಂತಿ!"

ಬೇವಿನ ಕೆಳಗೆ ನಗೆ ಎದ್ದಿತು. ದೊಡ್ಡವರು, ವಿಭೂತಿ ಹಚ್ಚಿಕೊಂಡು ಈಗಷ್ಟೇ ಪೂಜೆ ಮಾಡಿದವರು, ತೇಗುತ್ತ ನಕ್ಕರು. ಮಲ್ಲುವಿನ ಅಪ್ಪ ಅಲ್ಲೇ ಕೂತಿದ್ದ. ನಗಲಿಲ್ಲ, ಏಳಲೂ ಇಲ್ಲ; ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ನೆಲ ನೋಡಿದ.

ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ಬಂದ ದಾರಿಯಲ್ಲೇ ರಸ್ತೆ ಕಡೆ ನಡೆದಳು. ಚೆಂಡು ಬಂದದ್ದು ಮಲ್ಲುವಿಗೆ ಕಾಣಲೇ ಇಲ್ಲ, ನೇರ ನನ್ನ ಕೈಗೆ ಬಂತು. ಅವನು "ಅವ್ವಾ!" ಎನ್ನುತ್ತ ಬ್ಯಾಟು ಸಮೇತ ಆಕೆಯ ಹಿಂದೆ ಓಡಿದ.

"ಕ್ರೀಜ್ ಬಿಟ್ಟಾನ! ಹೊಡಿ ಶೈಲಿ, ಸ್ಟಂಪ್ ಹೊಡಿ!" ಕಾಕಾ ನನ್ನತ್ತ ಕೂಗಿದ.

ನಾನು ಹೊಡೆಯಲಿಲ್ಲ. ಚೆಂಡನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಕಾಕಾ ತಾನೇ ಓಡಿ ಬಂದು, ನನ್ನ ಬೆರಳು ಬಿಡಿಸಿ ಚೆಂಡು ಕಿತ್ತುಕೊಂಡು ಕಡ್ಡಿಗಳನ್ನು ಉರುಳಿಸಿದ. "ಔಟ್! ರೂಲ್ ಅಂದ್ರ ರೂಲ್!" ನಮ್ಮ ಹುಡುಗರು ಅವನನ್ನು ಎತ್ತಿಕೊಂಡು ಕುಣಿದರು. ನಾನು ಟೊಪ್ಪಿಗೆ ಕಿತ್ತು ಅವನ ಕೆಂಪು ಉಗುಳಿನ ಮೇಲೆ ಒಗೆದು, "ಬೆಂಕಿ ಹಚ್ಚು ನಿನ್ನ ಆಸ್ಟ್ರೇಲಿಯಾಕ್ಕ," ಅಂದೆ. ಅವತ್ತಿಗೆ ನನ್ನ ಆಟ ಮುಗಿಯಿತು. ಮತ್ತೆ ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಇಳಿಹೊತ್ತಿಗೆ ಮಲ್ಲು ಒಬ್ಬನೇ ಬಂದ. ಬಸ್ಸು ಹೋಗಿತ್ತು. ಕಾಕಾ ನಗುತ್ತ ಕೈ ಚಾಚಿದ: "ಬಾರೋ ಪೋರಾ. ಆಟದಾಗಿಂದು ಆಟದಾಗ." ದೊಡ್ಡವರು ಕೈ ಚಾಚಿದರೆ ಕೊಡಬೇಕೆಂದು ಕಲಿತ ಹುಡುಗ, ಕೊಟ್ಟ.

ಅವನ ಅವ್ವ ಮತ್ತೆ ಊರಿಗೆ ಬರಲಿಲ್ಲ. ಅವನ ಅಪ್ಪ ಇನ್ನೊಂದು ಮದುವೆಯಾದ. ಮಲ್ಲು ಬ್ಯಾಟು ಮುಟ್ಟಿದ್ದನ್ನು ನಾನು ಆಮೇಲೆ ಕಾಣಲಿಲ್ಲ. ಮದುವೆಯಾಗಿ ಸೋಲಾಪುರಕ್ಕೆ ಬಂದ ನಾನು ಎಳ್ಳಮಾಸಿಗೆ ಈಗಲೂ ತವರಿಗೆ ಹೋಗುತ್ತೇನೆ. ಭಜ್ಜಿಯ ರುಚಿ ಹಾಗೆಯೇ ಇದೆ. ಆದರೆ ಆ ಬೇವಿನ ಕೆಳಗೆ ಕೂತವರೆಲ್ಲ ನನ್ನ ಹಿರಿಯರು ಎಂದು ಕಣ್ಣುಮುಚ್ಚಿ ನಂಬಿದ್ದ ಕಾಲವೊಂದಿತ್ತಲ್ಲ, ಅದು ಹೋದದ್ದು ಹೋಯಿತು.

ಕಳೆದ ಸಲ ಕಾಕಾ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು ತನ್ನ ಕಾಲದ ಆಟದ ಕತೆ ಹೇಳುತ್ತಿದ್ದ. "ಒಬ್ಬ ಪೋರ ಇದ್ದ, ಲೈ ಭಾರಿ ಆಡತಿದ್ದ. ಯಾರಿಗೂ ಔಟ್ ಆಗವಲ್ಲ. ನಾ ಒಂದ ಮಾತು ಒಗದೆ ನೋಡ್ರಿ, ಮೈದಾನಾ ಬಿಟ್ಟ ಓಡಿದಾ!"

"ಏನಂದಿದ್ದಿ ಕಾಕಾ?" ಎಂದು ಕೇಳಿದೆ.

ತಲೆ ಕೆರೆದುಕೊಂಡ. ಬೂಟಾಟಿಕೆ ಅಲ್ಲ, ನಿಜಕ್ಕೂ ನೆನಪಿರಲಿಲ್ಲ. "ಅದೆಲ್ಲಿ ನೆನಪಿರತದ ಬಿಡವಾ. ಏನರ ಒಂದು ಅಂದಿರಬೇಕು. ಗೆದ್ದಿವಿ, ಅದು ಖರೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಅವರಲ್ಲಿ ನನ್ನ ಮಗಳೂ ಇದ್ದಳು.