ಬೂದಿಯಲ್ಲಿ ಹೂತ ಪಂಖ

ಈ ಸಲದ ನಾರಳಿ ಹುಣ್ಣಿಮೆಯ ಬೆಳಿಗ್ಗೆ ಅಪ್ಪನ ದೋಣಿಯ ಹಳೆಯ ಪಂಖಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಎಂಜಿನ್ನಿನ ತುದಿಯಲ್ಲಿ ತಿರುಗಿ ದೋಣಿಯನ್ನು ಮುಂದೆ ನೂಕುವ, ಮೂರೆಲೆಯ ಕಂಚಿನ ಪಂಖ. ದೋಣಿ ಮಾರಿಯಾಯಿತು, ಇದೊಂದು ಮನೆಯಲ್ಲಿ ಉಳಿದಿದೆ. ಒಂದು ಎಲೆಯ ಬುಡದಲ್ಲಿ ಹಿತ್ತಾಳೆಯ ಹಳದಿ ಗೆರೆ ಬೆರಳಿಗೆ ತಾಗಿತು. ವೆಲ್ಡಿಂಗ್ ಮಾಮ ನೆನಪಾದರು...

ಮಾಮ ನಮಗೆ ನೆಂಟರೇನಲ್ಲ. ಹಣಕೋಣದಿಂದ ಸೈಕಲ್ಲಿನಲ್ಲಿ ಬಂದು ಮಾಜಾಳಿಯ ನಮ್ಮ ಓಣಿಯ ತುದಿಯಲ್ಲಿ, ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಕಬ್ಬಿಣದ ಗೇಟನ್ನು ಯಾರು ಬೇಕಾದರೂ ಬೆಸೆಯುತ್ತಿದ್ದರು, ಕಂಚು ಮಾತ್ರ ಅವರ ಮಾತನ್ನೇ ಕೇಳುತ್ತಿತ್ತು. ಕರಟದ ಕೆಂಡದ ಮೇಲೆ ಕಾಯಿಸಿ, ಪೊರಕೆಯ ಹಿಡಿಕಡ್ಡಿಯೊಂದನ್ನು ಮುಟ್ಟಿಸಿ ನೋಡುವರು. ಕಡ್ಡಿ ತಟ್ಟನೆ ಕಪ್ಪಾದರೆ ಬಿಸಿ ಸಾಕು ಎಂದರ್ಥ. ಆಮೇಲೆ ಗ್ಯಾಸಿನ ಉರಿ ಹಿಡಿದು ಹಿತ್ತಾಳೆ ಸರಳು ಕರಗಿಸಿ ಬಿರುಕು ತುಂಬುವರು. ಕೊನೆಗೆ ಬಿಸಿ ಬೂದಿಯಲ್ಲಿ ಹೂತು, ತಾನಾಗಿ ತಣಿಯಲು ಬಿಡುವರು. ಈ ಕಾಯುವಿಕೆಯಲ್ಲೇ ಅವರ ಅರ್ಧ ವಿದ್ಯೆ ಇತ್ತು.

ಆ ವರ್ಷ ಹುಣ್ಣಿಮೆಗೆ ಎರಡೇ ದಿನವಿರುವಾಗ ಅಪ್ಪ ಎಂಜಿನ್ ಸರಿಯಿದೆಯೇ ಎಂದು ದೋಣಿ ಓಡಿಸಿ ನೋಡಲು ಹೋಗಿ ಪಂಖವನ್ನು ಬಂಡೆಗೆ ತಾಗಿಸಿಕೊಂಡು ಬಂದಿದ್ದರು. ಒಂದು ಎಲೆಯ ಬುಡ ಬಿರುಕುಬಿಟ್ಟಿತ್ತು. ಕಡಲಿಗೆ ಕಾಯಿ ಬಿಟ್ಟು ಎಲ್ಲ ದೋಣಿಗಳೂ ಒಟ್ಟಿಗೆ ಹೊರಡುವ ದಿನ ದೋಣಿ ನಡೆಸುವ ಅಪ್ಪನಂಥ ತಾಂಡೇಲ ದಂಡೆಯಲ್ಲಿ ನಿಲ್ಲುವುದೆಂದರೆ ತಲೆಯೆತ್ತಲಾಗದ ಮಾತು. ಮಾಮ ಮರುದಿನ ಬೆಳಿಗ್ಗೆಯೇ ಬೆಸೆದು, ಬೂದಿಯಲ್ಲಿ ಹೂತು, ಇನ್ನೂ ಬಿಸಿ ಇದೆಯೆಂದು ನಮ್ಮ ಮನೆಗೆ ಹೇಳಿ, ಊಟಕ್ಕೆ ಹೋದರು.

ರಿಪೇರಿಯಾದ ಯಾವ ಸಾಮಾನಿಗೂ ಬಳಸುವ ಮೊದಲು ಕಾಯಿನೀರು ಬೀಳಬೇಕೆಂಬುದು ನಮ್ಮ ಮನೆಯ ಪದ್ಧತಿ. ಅಮ್ಮ ಕಾಯಿ ಕೊಟ್ಟು ಕಳಿಸಿದರು. ನನಗಾಗ ಇಪ್ಪತ್ತು ವರ್ಷ, ಭಕ್ತಿಗೆ ಕಡಿಮೆಯಿರಲಿಲ್ಲ. ಬೂದಿ ಸರಿಸಿ, ಪಂಖದ ಮೇಲೆಯೇ ಕಾಯಿ ಒಡೆದೆ. ಚೊಂಯ್ ಎಂದು ಹಬೆ ಎದ್ದಿತು. ಅದರ ಹಿಂದೆಯೇ ಟಿಕ್ ಎಂದು ಸಣ್ಣ ಸದ್ದು. ಬೆಸುಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು.

ಸುದ್ದಿ ಕೇಳಿ ಓಡಿಬಂದ ಅಪ್ಪ ನನಗೆ ಕೈಯೆತ್ತಿದರು. ಅಷ್ಟರಲ್ಲಿ ಮಾಮ ನಡುವೆ ಬಂದು ನಿಂತರು.

"ಬಿಡಿ ತಾಂಡೇಲರೇ. ತಪ್ಪು ನಂದು. ಬಿಸಿ ಅದೆ ಅಂತ ಹೇಳಿದ್ದೆ, ನೀರು ತಾಗಿಸ್ಬೇಡಿ ಅಂತ ಹೇಳ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ತಂಗೀ, ಕಾಯಿ ಒಡದಾಯ್ತಲ್ಲ, ಇನ್ನು ಕೆಂಡ ಊದು" ಎಂದರು.

ಹಳೆಯ ಬೆಸುಗೆಯನ್ನೆಲ್ಲ ಕೆತ್ತಿ ತೆಗೆದು ಮೊದಲಿನಿಂದ ಶುರುಮಾಡಿದರು. ಅವಸರವಿದ್ದದ್ದು ನಮಗೆ, ಅವರ ಕೈಗಲ್ಲ. ಕಡ್ಡಿ ಕಪ್ಪಾಗುವವರೆಗೆ ಮೂರು ಸಲ ಕಾದರು. ಆ ತಾಳ್ಮೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮರುದಿನ ಬೆಳಿಗ್ಗೆ ಪಂಖವನ್ನು ಹಗ್ಗಕ್ಕೆ ತೂಗುಹಾಕಿ ಮೂರೂ ಎಲೆಗಳನ್ನು ಮರದ ಸುತ್ತಿಗೆಯಿಂದ ತಟ್ಟಿದರು. ಮೂರೂ ಒಂದೇ ಸ್ವರ ಕೊಟ್ಟವು, ಎಲ್ಲೂ ಬಿರುಕು ಉಳಿದಿರಲಿಲ್ಲ. ಅಪ್ಪನ ದೋಣಿ ಎಲ್ಲರಿಗಿಂತ ಕೊನೆಗೆ ಹೊರಟಿತು, ಆದರೆ ಹೊರಟಿತು. ನಾನು ದಂಡೆಯಲ್ಲಿ ನಿಂತು ಅತ್ತುಬಿಟ್ಟೆ.

ಅಂದಿನಿಂದ ಯಾರೇ ಪಂಖ ತಂದರೂ ಮಾಮನ ಮೊದಲ ಪ್ರಶ್ನೆ, "ಕಾಯಿ ಒಡದಾಯ್ತಾ?" ಒಡೆದು ತಂದರೆ ಮಾತ್ರ ಕೆಂಡ ಹೊತ್ತಿಸುತ್ತಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ. ನನ್ನನ್ನು ಕಂಡಾಗ ಮಾತ್ರ ಮೀಸೆಯಡಿ ನಗುತ್ತಿದ್ದರು...

ಮಾಮ ತೀರಿಕೊಂಡು ಬಹಳ ವರ್ಷವಾಯಿತು. ಶೆಡ್ಡಿದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಪಂಖ ತಿಕ್ಕಿ ಮುಗಿಸಿ, ಅಂಗಳದಲ್ಲಿಟ್ಟು ಕಾಯಿ ಒಡೆದು ಹಳದಿ ಗೆರೆಯ ಮೇಲೆಯೇ ನೀರು ಬಿಟ್ಟೆ. ಸುಮ್ಮನೆ ಹರಿದುಹೋಯಿತು. ಮುಟ್ಟಿ ನೋಡಿದೆ. ಕಂಚು ಪೂರಾ ತಣಿದಿತ್ತು.