ವೆಂಡೆಲ್‌ನ ಹಿತ್ತಾಳೆ ಹೆಬ್ಬಾವು

ಊರಿನ ಆರ್ಕೆಸ್ಟ್ರಾದ ಕ್ರಿಸ್‌ಮಸ್ ಕಛೇರಿಗೆ ಮೊದಲು ವೆಂಡೆಲ್‌ನ ಸೂಸಾಫೋನ್ ಎಂಬ ಭಾರೀ ಊದುವಾದ್ಯ ಬರುತ್ತದೆ. ಅದರ ಸುರುಳಿಯೊಳಗೆ ಸಿಕ್ಕಿಕೊಂಡು ಅವನೂ ಬರುತ್ತಾನೆ. ಅಜ್ಜನ ಕಾಲದ ಆ ಹಿತ್ತಾಳೆ ಹೆಬ್ಬಾವಿನ ಬಾಯಿ ದನದ ಬಾನಿಯಷ್ಟು ಅಗಲ. ಅದಕ್ಕಾಗಿ ಪಿಟೀಲಿನವರು ಕುರ್ಚಿ ಸರಿಸಬೇಕು, ಚರ್ಚಿನ ಹೆಂಗಸರು ಹಸಿರು ಹಾರ ಕಟ್ಟಬೇಕು, "ನನ್ನಷ್ಟು ದಮ್ಮು ಇಡೀ ಐಯೋವಾದಲ್ಲಿ ಯಾರಿಗಿದೆ ಹೇಳ್ರಪ್ಪ?" ಎಂದು ಅವನು ಕೇಳಿದರೆ ಎಲ್ಲರೂ ತಲೆಯಾಡಿಸಬೇಕು. ಶ್ವಾಸಕೋಶದ ಆಪರೇಷನ್ ಆದ ಮೇಲೆ, ಮೂರು ವರ್ಷದಿಂದ, ಅವನು ಬರೀ ಕೆನ್ನೆ ಉಬ್ಬಿಸುತ್ತಾನೆ. ಪಕ್ಕದಲ್ಲಿ ಟ್ಯೂಬಾ ಹಿಡಿದ ಎಲ್ಮರ್ ಇಬ್ಬರ ಪಾಲಿನದನ್ನೂ ಒಬ್ಬನೇ ಊದುತ್ತಾನೆ. ಈ ಸಲವೂ ಚಪ್ಪಾಳೆ ಬಿದ್ದೊಡನೆ ವೆಂಡೆಲ್ ಬಾಗಿ ಬಾಗಿ ವಂದಿಸಿ, ಎಲ್ಮರ್‌ನ ಕಡೆ ತಿರುಗಿ, "ನಿನ್ನ ಪೀಪಿ ಯಾರಿಗೂ ಕೇಳಿಸ್ಲೇ ಇಲ್ಲ ಕಣೋ" ಎಂದ. "ನಿನ್ನ ಆರ್ಭಟದ ಮುಂದೆ ಹೇಗೋ ಕೇಳ್ಸುತ್ತೆ?" ಎಂದು ಎಲ್ಮರ್ ಬಾತುಕೊಂಡ ತುಟಿ ಸವರಿಕೊಂಡ.